ಒಣಗದ ಆಕಾಶ

ನೊಣ ಕೂತಿದೆ, ಆಕಾಶದ ಮೇಲೆ, ತೆಂಗಿನ ಗರಿಗಳಿಗಿಂತ ಒಂದಂಗುಲ ಎತ್ತರದಲ್ಲಿ, ಅಂಟಿದ ಕಾಲು ಕಿತ್ತುಕೊಳ್ಳಲು ಹೆಣಗುತ್ತಿದೆ, ಊದಿದರೆ ಹಾರೀತು, ಆದರೆ ಊದಿದರೆ ಪಕ್ಕದ ಆ ಕೂದಲೂ ಅಲುಗೀತು — ಬೇಡ, ಬಸ್ಸಿನ ಕುಲುಕಾಟವೇ ಸಾಕು. ಚಿತ್ರವನ್ನು ಅಂಗೈಗಳ ನಡುವೆ ಹಿಡಿದು ತೊಡೆಯ ಮೇಲೆ ನಿಲ್ಲಿಸಿಕೊಂಡಿದ್ದೇನೆ, ಯಗಟಿಯಿಂದ ಕಡೂರಿನವರೆಗೂ ಹೀಗೆಯೇ, ಯಾರ ಸೀರೆಗೂ ತಾಗದಂತೆ, ಏನಪ್ಪಾ, ಹಸೂಗೂ ಒಂದು ಟಿಕೆಟ್ ಹರೀಲಾ ಎಂದು ಕಂಡಕ್ಟರ್ ನಕ್ಕ, ನಾನೂ ನಕ್ಕೆ, ಚಿತ್ರದಲ್ಲಿರುವ ಹಸು ಬೂದಿ ಸತ್ತು ಇಂದಿಗೆ ಒಂಬತ್ತು ದಿನ, ಚಿತ್ರ ಮುಗಿದು ನಲವತ್ತು, ಇನ್ನೂ ಹಸಿ. ಹನ್ನೆರಡು ವರ್ಷ ಊರೂರು ಅಲೆದು ಲಾರಿಗಳ ಬೆನ್ನಿಗೆ ಹೆಸರು ಬರೆದವನು ನಾನು, ಎನಾಮಲ್ ಬೆಳಿಗ್ಗೆ ಬಳಿದರೆ ಸಂಜೆಗೆ ಮುಟ್ಟಬಹುದು, ತೈಲವರ್ಣದ ಸಹನೆ ಎಂಥದೆಂದು ಯಾರಿಗೆ ಗೊತ್ತಿತ್ತು, ಕಡೂರಿನ ಡ್ರಾಯಿಂಗ್ ಮೇಷ್ಟ್ರು ಯೋಗಾನಂದ ಭಾನುವಾರಕ್ಕೊಂದು ಪಾಠ ಹೇಳಿಕೊಟ್ಟರು, ಬಣ್ಣ ಗಟ್ಟಿಯಾದ್ರೆ ಎಣ್ಣೆ ಬೆರೆಸ್ಕೋ ಎಂದರು, ಯಾವ ಎಣ್ಣೆಯೆಂದು ನಾನು ಕೇಳಲಿಲ್ಲ, ಅಕ್ಕ ಈರಕ್ಕನ ಗೂಡಿನಲ್ಲಿ ಹರಳೆಣ್ಣೆಯ ಸೀಸೆ ಇತ್ತು. ನಿನ್ನೆ ಫೋನಿನಲ್ಲಿ ಮೇಷ್ಟ್ರೆದುರು ಒಪ್ಪಿಕೊಂಡೆ. ಹರಳೆಣ್ಣೆನಾ, ಅದು ನಿನ್ನ ಕಾಲಕ್ಕೆ ಒಣಗಲ್ಲ ಕಣೋ ತಿಮ್ಮೇಶ, ಅಗಸೆ ಎಣ್ಣೆ ಹಾಕ್ಬೇಕಿತ್ತು, ತಗೊಂಬಾ, ಕೆರೆದ್ಹಾಕಿ ಮೊದಲಿಂದ ಬರೆಯೋಣ ಎಂದರು.

ಮೊದಲಿಂದ, ಆದರೆ ಯಾರನ್ನು ನೋಡಿ — ಬೂದು ಬಣ್ಣ ಅಂತ ಒಂದಿಲ್ಲ ಕಣೋ, ನೆಲದ ಕೆಂಪು ಹೊಟ್ಟೆ ಅಡಿಗೆ ಏರ್ತದೆ, ಆಕಾಶದ ನೀಲಿ ಬೆನ್ನ ಮೇಲೆ ಇಳೀತದೆ, ಕಣ್ಣು ಬಿಟ್ಟು ನೋಡು ಎಂದಿದ್ದರು ಮೇಷ್ಟ್ರು, ನೋಡಿದೆ, ನೋಡುವುದನ್ನು ಕಲಿತ ಮೇಲೆ ಬೇರೇನೂ ಕಾಣಿಸಲಿಲ್ಲ, ರಾಗಿಯ ಕೂಳೆ ಉಳಿದ ಹೊಲದಲ್ಲಿ ಅಕ್ಕನ ಹಸುವನ್ನು ಹನ್ನೊಂದು ದಿನ ಗೂಟಕ್ಕೆ ಕಟ್ಟಿದೆ, ಅದೇ ಬಿಸಿಲು ಬೇಕು, ಅದೇ ನೆರಳು ಬೇಕು, ಬಿಚ್ಚೋ, ನೊಣ ಮುತ್ತವೆ, ಪಕ್ಕದ ಕೊಟ್ಟಿಗೇಲಿ ಗಂಟುರೋಗ ಐತಂತೆ ಎಂದು ಅಕ್ಕ ಬದುವಿನ ಮೇಲೆ ನಿಂತು ಹೇಳಿದಳು, ಇನ್ನೊಂದು ಗಳಿಗೆ ಎಂದೆ, ಪ್ರತಿದಿನವೂ ಇನ್ನೊಂದು ಗಳಿಗೆ. ಹನ್ನೊಂದನೆಯ ದಿನ ಬೂದಿ ಬೇಸತ್ತು ಕತ್ತು ಚಾಚಿ ಹಸಿ ಆಕಾಶಕ್ಕೆ ಕೆನ್ನೆ ಉಜ್ಜಿದಳು, ನಾನು ಕುಂಚದ ಹಿಡಿಯಿಂದ ಮೂತಿಗೆ ಹೊಡೆದೆ, ಅವಳು ಹಿಂದೆ ಸರಿಯಲಿಲ್ಲ, ಕಣ್ಣು ಮುಚ್ಚಿ ತೆರೆದಳು, ಅಷ್ಟೆ. ಆಕಾಶವನ್ನು ತಿದ್ದಿದೆ. ಅವಳ ಒಂದು ಕೂದಲು ಬಣ್ಣದಲ್ಲೇ ಉಳಿಯಿತು. ಆಮೇಲೆ ಅವಳ ಮೈತುಂಬ ಗಂಟುಗಳು, ಗುಂಡಿ, ಸುಣ್ಣ, ಉಪ್ಪು, ಹಗ್ಗ ಗೋಣಿ ಕೊರಳಗಂಟೆ ಎಲ್ಲವೂ ಅವಳೊಂದಿಗೇ ಮಣ್ಣಿಗೆ, ಒಂದು ಕೂದ್ಲನ್ನೂ ಉಳಿಸ್ಲಿಲ್ಲ ಕಣೋ, ನಿನ್ನ ಚಿತ್ರನಾದ್ರೂ ಕೊಡು ಎಂದು ಅಕ್ಕ ಗೋಡೆ ಒರೆಸಿ ಮೊಳೆ ಹೊಡೆದು ಕಾಯುತ್ತಿದ್ದಾಳೆ, ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹೇಳಿಬಿಡುತ್ತಿದ್ದೆನೇನೋ, ಒಂದು ಉಳಿದಿದೆ ಅಕ್ಕ ಎಂದು — ಹೇಳಿದರೆ ಅದು ಅಲ್ಲಿಗೆ ಹೇಗೆ ಬಂತೆಂದೂ ಹೇಳಬೇಕು, ಹೊಡೆದದ್ದನ್ನೂ.

ಮೇಷ್ಟ್ರ ಮನೆ, ಟರ್ಪೆಂಟೈನಿನ ವಾಸನೆ, ರೈಲು ಹಾದುಹೋದಾಗ ನಡುಗುವ ಕಿಟಕಿ, ಚಿತ್ರ ಮೇಜಿನ ಮೇಲಿದೆ, ನೊಣ ಯಾವಾಗಲೋ ಹಾರಿಹೋಗಿದೆ. ಹೊಟ್ಟೆಯ ಕೆಂಪು ಚೆನ್ನಾಗಿ ಬಂದಿತ್ತಲ್ಲೋ ಎಂದು ನಿಟ್ಟುಸಿರಿಟ್ಟು ಅಲಗನ್ನು ನನ್ನ ಕೈಗಿಡುತ್ತಾರೆ, ಮೇಲಿಂದ ಶುರು ಮಾಡು, ಆಕಾಶದಿಂದ, ಕೂದಲನ್ನು ಮಾತ್ರ ಬಿಡಿಸಿಕೊಂಡೇನೆಂದು ಉಗುರು ತಾಗಿಸಿದರೆ ಅದು ಇನ್ನೂ ಆಳಕ್ಕೆ ಹೂತುಕೊಳ್ಳುತ್ತದೆ, ಏನೋ ಅದು, ಕೂದ್ಲಾ, ಕೆರಿ ಕೆರಿ ಎನ್ನುತ್ತಾರೆ ಮೇಷ್ಟ್ರು, ಅಲಗನ್ನು ಊರುತ್ತೇನೆ, ನೀಲಿ ಮಡಿಚಿಕೊಂಡು ಬರುತ್ತದೆ, ಕೂದಲಿಗೆ ಇನ್ನು ಒಂದಂಗುಲ, ಅರ್ಧ ಅಂಗುಲ, ಇನ್ನೊಂದು ಗಳಿಗೆ ಮೇಷ್ಟ್ರೇ, ಇನ್ನೊಂದು ಗಳಿಗೆ — ಅಲಗಿನ ಮುಂದೆ ಆ ಬೂದು ಕೂದಲು, ಬೇರು ಆಕಾಶದೊಳಗೆ, ತುದಿ ಫ್ಯಾನಿನ ಗಾಳಿಗೆ ಏಳುತ್ತದೆ, ಮಲಗುತ್ತದೆ, ಏಳುತ್ತದೆ