ಬೋಗಾರನ್ನೂ ಒಂದು ಮಾತು ಕೇಳಿ

ಈಸ್ಟರ್ ಸೋಮವಾರ ಹಂಗೇರಿಯ ನಮ್ಮ ಊರಿನಲ್ಲಿ ಗೇಟು ಮುಚ್ಚಿಟ್ಟುಕೊಳ್ಳುವುದು ಸಾಧ್ಯವೇ ಇಲ್ಲ. ಗಂಡಸರು ಸೆಂಟಿನ ಸೀಸೆ ಹಿಡಿದು ಮನೆ ಮನೆಗೆ ಬರುತ್ತಾರೆ, ಒಂದು ಪದ್ಯ ಹೇಳುತ್ತಾರೆ, "ಚಿಮುಕಿಸಬಹುದೇ?" ಎಂದು ಕೇಳಿ ಹೆಂಗಸರ ತಲೆಗೆ ಸೆಂಟು ಚಿಮುಕಿಸುತ್ತಾರೆ. ಬಣ್ಣದ ಮೊಟ್ಟೆ ಪಡೆದು, ಒಂದು ಗುಟುಕು ಪಾಲಿಂಕಾ ಎಂಬ ಹಣ್ಣಿನ ಸಾರಾಯಿ ಕುಡಿದು ಮುಂದಿನ ಮನೆಗೆ ಹೋಗುತ್ತಾರೆ.

ಆ ದಿನ ಬೆಳಗಿನಿಂದ ನನ್ನ ಗಮನವೆಲ್ಲ ಗೇಟಿನ ಚಿಲಕದ ಮೇಲೇ ಇತ್ತು. ನನ್ನ ಮೂರು ವರ್ಷದ ಮಗಳು ಪನ್ನಿ ಅಂಗಳದಲ್ಲಿ ಆಡುತ್ತಿದ್ದಳು, ಗೇಟು ತೆರೆದರೆ ಸಾಕು ಬೀದಿಗೆ ಓಡುವವಳು. ಜನ ಬರುತ್ತಾರೆಂದು ಮಾವ ವೆಂಡೆಲ್ ತಮ್ಮ ನಾಯಿ ಬೋಗಾರನ್ನು ಅಲ್ಲೇ ಸರಪಳಿಗೆ ಕಟ್ಟಿದ್ದರು. ಬಂದವರೆಲ್ಲ ಅದರ ತಲೆ ತಟ್ಟಿದರು. ಒಬ್ಬಾತ ತಮಾಷೆಗೆ ಅದರ ಮೂತಿಗೂ ಸೆಂಟು ಹಾಕಿದ. ಎಲ್ಲರೂ ನಕ್ಕರು.

ಮಧ್ಯಾಹ್ನ ಅತ್ತೆ ಪಿರೋಶ್ಕಾ ಊಟದ ತಟ್ಟೆ ಇಡಲು ನಾಯಿಯ ಮೇಲೆ ಬಗ್ಗಿದರು. ಅಷ್ಟು ಹೊತ್ತಿಗೆ ಬೀದಿಯ ಗಂಡಸರ ಸೆಂಟೆಲ್ಲ ಅವರ ಕೂದಲಲ್ಲಿತ್ತು. ಬೋಗಾರ್ ಹಿಂದೆ ಸರಿದು ಗುರ್ ಎಂದಿತು. ಮರಿಯಾಗಿದ್ದಾಗಿನಿಂದ ಊಟ ಹಾಕಿದವರಿಗೆ ಗುರ್ ಎಂದಿತು.

ಮಾವ ಪೊರಕೆ ಎತ್ತಿ ಒಂದು ಬಾರಿಸಿದರು. ನಾಯಿ ಸುಮ್ಮನಾಯಿತು.

"ನೋಡಿದ್ರಾ, ಬಾಯಿ ಮುಚ್ಕೊಳ್ತು. ಆದ್ರೂ ಇನ್ನು ಇದು ಈ ಮನೇಲಿ ಬೇಡ. ನಾಯಿ ಹಿಡಿಯೋರಿಗೆ ಈಗ್ಲೇ ಫೋನ್ ಮಾಡ್ತೀನಿ."

"ಮಾಡಿ ಮಾವ" ಎಂದೆ. ಪನ್ನಿ ಆ ನಾಯಿಯ ಕೊರಳಿಗೆ ಜೋತುಬೀಳುವವಳು. ನನಗೆ ಬೇರೇನೂ ತೋಚಲಿಲ್ಲ. ಅತ್ತೆ ಸೊಂಟಕ್ಕೆ ಕಟ್ಟಿಕೊಂಡ ಅಡುಗೆ ಬಟ್ಟೆಯನ್ನು ಹಿಂಡುತ್ತಾ ನಿಂತರು.

ಬೇಲಿಯಾಚೆಯಿಂದ ಪಕ್ಕದ ಮನೆಯ ಕಿಂಗಾ ಕರೆದಳು. ಬುಡಾಪೆಸ್ಟಿನಲ್ಲಿ ನಾಯಿಗಳ ನಡವಳಿಕೆ ಅಧ್ಯಯನ ಮಾಡುವವರ ಬಳಿಗೆ ಅವಳು ತನ್ನ ನಾಯಿಯನ್ನು ಆಗಾಗ ಕರೆದೊಯ್ಯುತ್ತಾಳೆ.

"ವೆಂಡೆಲ್ ಅಣ್ಣ, ಗುರ್ ಅಂದಿದ್ದಕ್ಕೆ ಹೊಡೀಬೇಡಿ. 'ಹತ್ರ ಬರ್ಬೇಡಿ, ಭಯ ಆಗ್ತಿದೆ' ಅಂತ ಅದು ಹೇಳೋದು ಹಾಗೆ. ಅದನ್ನೂ ನಿಲ್ಲಿಸಿಬಿಟ್ರೆ, ನಾಳೆ ಹೇಳದೇ ಕೇಳದೇ ಕಚ್ಚುತ್ತೆ."

"ಬಂದ್ಳಪ್ಪಾ ನಾಯಿ ಡಾಕ್ಟ್ರು. ಭಯ ಅಂತೆ. ನಾಯಿಗೆ ಮನಸ್ಸು ಬೇರೆ ಇದ್ಯಾ?"

"ಇದೆ ಅಂತಾನೇ ಸಂಶೋಧನೆ ಹೇಳ್ತಿದೆ. ನಮ್ಮ ದನಿಯಲ್ಲಿ ಸಿಟ್ಟಿದ್ಯಾ, ಪ್ರೀತಿ ಇದ್ಯಾ ಅಂತ ಅದಕ್ಕೆ ಗೊತ್ತಾಗುತ್ತೆ. ನಾನು ಹೇಳೋದು ಬೇಡ, ನೀವೇ ನೋಡಿ."

ಚಿಲಕ ಸದ್ದಾಯಿತು. ಇನ್ನೊಂದು ಗುಂಪು. ನಾವು ಬೋಗಾರನ್ನೇ ನೋಡಿದೆವು. ಅದು ತುಟಿ ನೆಕ್ಕಿಕೊಂಡಿತು, ಮುಖ ತಿರುಗಿಸಿತು, ಆಕಳಿಸಿತು.

"ನಿದ್ದೆ ಬಂದಿದೆ ಅಷ್ಟೇ" ಎಂದರು ಮಾವ.

"ನಿದ್ದೆ ಬಂದೋರ ಕಣ್ಣು ಅಷ್ಟಗಲ ಇರುತ್ತಾ ಅಣ್ಣ? ಬಾಲ ಎಲ್ಲಿದೆ ನೋಡಿ."

ಬಾಲ ಕಾಲುಗಳ ನಡುವೆ ಮುದುಡಿತ್ತು. ಬೆಳಗಿನಿಂದ ಅದು ಹಾಗೇ ಇದ್ದಿರಬೇಕು. ನಾನು ಮಾತ್ರ ಚಿಲಕ ನೋಡುತ್ತಿದ್ದೆ.

"ಅಕ್ಕ, ನಾವು ಕಣ್ಣಿಂದ ಗುರುತಿಸ್ತೀವಿ, ಅದು ಹೆಚ್ಚಾಗಿ ಮೂಗಿಂದ. ಇವತ್ತು ನಿಮ್ಮ ವಾಸನೆಯೇ ಬೇರೆ, ಸೆಂಟು ಹಾಕಿ ಅದರ ಮೂಗನ್ನೂ ಕೆಡಿಸಿದ್ದಾರೆ, ಕಟ್ಟಿಹಾಕಿ ಓಡೋಕೂ ಬಿಟ್ಟಿಲ್ಲ" ಎಂದು ಕಿಂಗಾ ಅತ್ತೆಗೆ ಹೇಳಿದಳು.

ಮಾವ ಫೋನನ್ನು ಜೇಬಿನಿಂದ ತೆಗೆದರು, ಮತ್ತೆ ಒಳಗಿಟ್ಟರು. "ಸಂಜೆವರೆಗೆ ನೋಡೋಣ."

ಬೋಗಾರನ್ನು ಬಿಚ್ಚಿ, ಜನ ಸುಳಿಯದ ಹಿತ್ತಲಿಗೆ ಬಿಟ್ಟು ಬಾಗಿಲು ಹಾಕಿದೆವು. ಅತ್ತೆ ತಲೆ ತೊಳೆದು, ದಿನನಿತ್ಯದ ಹಳೆಯ ಸ್ವೆಟರು ಹಾಕಿಕೊಂಡು ಹೋದರು. ಕರೆಯಲಿಲ್ಲ, ದಿಟ್ಟಿಸಲಿಲ್ಲ, ಪಕ್ಕಕ್ಕೆ ತಿರುಗಿ ಸೌದೆಯ ಮೇಲೆ ಕುಳಿತರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಬೋಗಾರ್ ಬಂದು ಅವರ ತೋಳನ್ನು ಮೂಸಿತು, ಮತ್ತೆ ಮೂಸಿತು, ಆಮೇಲೆ ಅವರ ಪಾದದ ಮೇಲೆ ತಲೆ ಇಟ್ಟಿತು.

"ನನ್ನ ಕೂಸೇ, ನಾನೇ ಕಣೋ" ಎಂದರು ಅತ್ತೆ. ಮಾವ ಪೊರಕೆಯನ್ನು ಒಳಗಿಟ್ಟು ಬಂದರು. ಮುಂದೆ ಬಂದ ಗುಂಪಿಗೆ ಗೇಟಿನಲ್ಲೇ ಹೇಳಿದರು, "ಹೆಂಗಸರಿಗೆ ಹಾಕ್ರಪ್ಪಾ, ನಾಯಿ ತಂಟೆಗೆ ಹೋಗ್ಬೇಡಿ."

ಸಂಜೆ ಪನ್ನಿಯ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದೆ. ಅಪ್ಪಿಕೊಳ್ಳಲು ಓಡುವವಳನ್ನು ತಡೆದು, "ಮೊದ್ಲು ಕೇಳು" ಎಂದೆ. ದಿನವಿಡೀ ಕೇಳಿಸಿಕೊಂಡಿದ್ದ ರಾಗದಲ್ಲೇ ಅವಳು ದೂರದಿಂದ ಕೇಳಿದಳು: "ಮುಟ್ಟಬಹುದೇ?"

ಬೋಗಾರ್ ಮುಖ ತಿರುಗಿಸಿತು.

"ಬೇಡ ಅಂತೆ" ಎಂದಳು ಪನ್ನಿ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಜೊತೆ ವಾಪಸು ಬಂದಳು.

ನಿಮ್ಮ ಮನೆಯಲ್ಲೂ ನಾಯಿ ಇದೆಯೇ? ಹಬ್ಬಕ್ಕೆ ಮೊದಲೇ ಅದಕ್ಕೊಂದು ಸದ್ದಿಲ್ಲದ ಮೂಲೆ ಮಾಡಿಕೊಡಿ. ಅದು ತುಟಿ ನೆಕ್ಕಿದರೆ, ಆಕಳಿಸಿದರೆ, ಮುಖ ತಿರುಗಿಸಿದರೆ ದೂರ ನಿಲ್ಲಿ. ಗುರ್ ಎಂದರೆ ಹೊಡೆಯಬೇಡಿ, ಕಾರಣ ಹುಡುಕಿ. ಗುಣ ದಿಢೀರನೆ ಬದಲಾದರೆ ನೋವಿದ್ದೀತು, ಪಶುವೈದ್ಯರಿಗೆ ತೋರಿಸಿ. ಎಷ್ಟೇ ಸಾಧು ನಾಯಿಯಾದರೂ ಚಿಕ್ಕ ಮಗುವನ್ನು ಅದರ ಜೊತೆ ಒಂಟಿಯಾಗಿ ಬಿಡಬೇಡಿ. ಮುಟ್ಟುವ ಮೊದಲು ಕೇಳಿ. ಉತ್ತರ ಬರುವವರೆಗೆ ಕಾಯಿರಿ.