ತುಟಿ ನೋಡಿ ಕಲಿಯುವ ಪಾಠ

ಮಗಳ ಶಾಲೆಯಲ್ಲಿ ಪೋಷಕರ ಸಭೆ. ಮಕ್ಕಳಿಗೆ ಮಾಸ್ಕ್ ಬೇಕೇಬೇಕು ಎಂದು ನೆಮ್ಮಾರಿನ ಜಲಜಮ್ಮ, ಉಸಿರು ಕಟ್ಟುತ್ತದೆ, ಬೇಡವೇ ಬೇಡ ಎಂದು ಬೇಗಾರಿನ ಸುಬ್ರಾಯರು. ಒಂದು ತಾಸು ಕೇಳಿ ಸಾಕಾಗಿ ನಾನು ಎದ್ದು ನಿಂತೆ.

"ನನ್ನ ಮಗಳಿಗೆ ಕಿವಿ ಕೇಳೂದಿಲ್ಲ. ಟೀಚರ್ ತುಟಿ ನೋಡಿ ಕಲೀತಾಳೆ. ಮಕ್ಕಳು ಹಾಕ್ಲಿ ಬಿಡ್ಲಿ, ಟೀಚರೊಬ್ರು ದೂರ ನಿಂತು ಮಾಸ್ಕ್ ತೆಗೀಲಿ."

"ಟೀಚರು ಊರೆಲ್ಲ ತಿರುಗೋರು, ಅವ್ರು ಹಾಕ್ಲೇಬೇಕು ಮಾರಾಯ" ಎಂದರು ಸುಬ್ರಾಯರು.

"ಅದೊಂದು ಸರಿ ಹೇಳಿದ್ರಿ" ಎಂದರು ಜಲಜಮ್ಮ.

ಅಷ್ಟು ಕಿತ್ತಾಡಿದವರು ಅದೊಂದಕ್ಕೆ ಒಂದಾದರು. ಮೈ ಉರಿಯಿತು, ಸಭೆ ಬಿಟ್ಟು ನಡೆದೆ.

ಹೊರಗೆ ಮಗಳು ಕಾಯುತ್ತಿದ್ದಳು. "ಎಂತ ಹೇಳಿದ್ರು ಅಪ್ಪ?"

ನನ್ನ ಮಾಸ್ಕ್ ಕೆಳಗೆಳೆದು, "ಇನ್ನು ಸಂಜೆ ನಾನೇ ಪಾಠ ಹೇಳ್ತೀನಿ" ಎಂದೆ. ನಾನು ಶಾಲೆ ಬಿಟ್ಟಿದ್ದು ಏಳನೇ ಕ್ಲಾಸಿಗೆ. ಅವಳೀಗ ನಾಲ್ಕನೆಯದು. ಮೂರು ವರ್ಷ ಹೇಗೋ ನಡೆದೀತು.