ಇನ್ನೂರ ಹನ್ನೆರಡು ಓಮ್

ಬೆಳಿಗ್ಗೆ ಆರೂವರೆಗೆ ಫ್ಯಾನು ಮತ್ತೆ ನಿಂತಿತು. ಈ ವಾರ ಇದು ನಾಲ್ಕನೇ ಸಲ. ಆ ಹಾಸ್ಟೆಲಿನಲ್ಲಿ ಕೋಣೆಗೊಂದು ಎಂಸಿಬಿ, ಕರೆಂಟಿನ ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು. ಬೀಳುತ್ತಿದ್ದುದು ಸಿಂಧೂರ, ಅಮೂಲ್ಯಾ ಇಬ್ಬರಿದ್ದ ಕೋಣೆಯದು ಮಾತ್ರ. ವಾರ್ಡನ್ ಸೀತಾಮಹಾಲಕ್ಷ್ಮಿ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದವರೇ ಅದನ್ನು ಬೀಳಿಸುವ ಕಳ್ಳ ಸಾಮಾನು ಹುಡುಕಿ ಮಂಚಗಳ ಕೆಳಗೆ ಬಗ್ಗಿದರು. ಸಿಂಧೂರಳ ಹಾಲಿನ ಕೆಟಲ್ ಸಿಕ್ಕಿತು.

"ಏಮ್ಮಾ, ನಾಲಿಗೆಯೇ ಇಲ್ಲದವಳ ಹಾಗಿರ್ತೀಯ, ಮಾಡೋದು ಇಂಥ ಕೆಲಸ!" ತೆಲುಗಿನಲ್ಲಿ ದಬಾಯಿಸಿದರು. "ಸಂಜೆಯೊಳಗೆ ಗಂಟುಮೂಟೆ ಕಟ್ಟು."

ಕಟ್ಟಿಕೊಂಡು ಹೋಗಬೇಕಾದದ್ದು ವಿಜಯವಾಡಕ್ಕೆ, ಭವಾನಿಪುರಂನ ಅಪ್ಪನ ಮನೆಗೆ. ಅಪ್ಪನಿಗೆ ದಾವಣಗೆರೆಯಿಂದ ಬ್ಯಾಂಕಿನ ವರ್ಗವಾದಾಗ ಅವಳು ಒಂಬತ್ತನೇ ತರಗತಿ. ಹೊಸ ಶಾಲೆಯಲ್ಲಿ ತೆಲುಗಿನ ಪಾಠ ತಲೆಗೆ ಹತ್ತಲಿಲ್ಲ, ಬಿಟ್ಟಳು. ನಾಲ್ಕು ವರ್ಷ ಮನೆಯ ಕಿಟಕಿಯಲ್ಲಿ ಕೂತು ಬೀದಿ ನೋಡುವುದೇ ಗತಿಯಾಯಿತು. ಆಮೇಲೆ ಸಿಕ್ಕಿದ್ದು ವಿಶಾಖಪಟ್ಟಣದ ಈ ಕೆಲಸ, ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್. ಮತ್ತೆ ಆ ಕಿಟಕಿಯೇ?

ಅಮೂಲ್ಯಾ ಕನ್ನಡಿ ನೋಡಿಕೊಂಡು ತಲೆ ಬಾಚುತ್ತಲೇ ಇದ್ದಳು. ನೇವಿಯಲ್ಲಿದ್ದ ಕನ್ನಡದವರ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ; ಅಪ್ಪ ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಹಾಸ್ಟೆಲಿಗೆ ಬಂದಿದ್ದಳು. ಆದರೂ ಈ ಊರಿನಲ್ಲಿ ಸಿಂಧೂರಳೊಡನೆ ಕನ್ನಡ ಆಡುತ್ತಿದ್ದವಳು ಅವಳೊಬ್ಬಳೇ. "ಸಿಂಧೂ, ಸಾರಲ್ಲಿ ಉಪ್ಪೇ ಇಲ್ಲ ಕದಾ!" ಎಂದು ತೆಲುಗು ಬೆರೆಸಿ ಹರಟುತ್ತ ರಾತ್ರಿ ಊಟಕ್ಕೆ ಪಕ್ಕದಲ್ಲಿ ಜಾಗ ಹಿಡಿದಿಡುತ್ತಿದ್ದಳು. ಬೆಳಿಗ್ಗೆ ಬೇಗ ಋಷಿಕೊಂಡದ ಆಫೀಸಿಗೆ ಹೊರಡಬೇಕಾದ ಅವಳು ಬಕೆಟಿಗೆ ರಾಡ್ ಇಳಿಬಿಟ್ಟು ನೀರು ಕಾಯಿಸುವುದನ್ನು ಸಿಂಧೂರ ವಾರದಿಂದ ನೋಡುತ್ತಿದ್ದಳು. ಆ ರಾಡ್ ಈಗ ಅದೇ ಬಕೆಟಿನಲ್ಲಿ, ಒಗೆಯುವ ಬಟ್ಟೆಯಡಿಯಲ್ಲಿ ಅಡಗಿತ್ತು.

ಅದನ್ನು ಹೇಳುವುದು ಬೇಡ. ತಪ್ಪು ತನ್ನ ಕೆಟಲಿನದಲ್ಲ ಎಂದಷ್ಟೇ ತೋರಿಸಿದರೆ ಸಾಕು ಎಂದುಕೊಂಡು ಸಿಂಧೂರ ಕೆಲಸದ ಚೀಲದಿಂದ ಮೀಟರ್ ತೆಗೆದಳು. ಕೆಟಲಿನ ಸ್ವಿಚ್ ಒತ್ತಿ, ಪ್ಲಗ್ಗಿನ ಎರಡು ಕಡ್ಡಿಗಳಿಗೆ ಮೀಟರಿನ ಮೊನೆ ಮುಟ್ಟಿಸಿದಳು. ಮೀಟರ್ ಇನ್ನೂರ ಹನ್ನೆರಡು ಓಮ್ ತೋರಿಸಿತು.

"ಇದು ರೆಸಿಸ್ಟೆನ್ಸ್, ಮೇಡಂ," ಎಂದಳು. "ಇನ್ನೂರ ಮೂವತ್ತು ವೋಲ್ಟನ್ನ ಇದರಿಂದ ಭಾಗಿಸಿದ್ರೆ ಕರೆಂಟು. ಒಂದು ಆಂಪಿಯರ್ ಚಿಲ್ಲರೆ. ಅದನ್ನ ಮತ್ತೆ ವೋಲ್ಟಿಂದ ಗುಣಿಸಿದ್ರೆ ಇನ್ನೂರೈವತ್ತು ವ್ಯಾಟ್. ಫ್ಯಾನು, ಲೈಟು ಸೇರಿ ಇನ್ನರ್ಧ ಆಂಪಿಯರ್. ಆರು ಆಂಪಿಯರ್ ದಾಟದೆ ಈ ಎಂಸಿಬಿ ಬೀಳಲ್ಲ."

ವಾರ್ಡನ್ ಕೆಟಲನ್ನು ತಿರುಗಿಸಿ ತಳ ನೋಡಿದರು. ಅಲ್ಲಿಯೂ ಇನ್ನೂರೈವತ್ತು ಎಂದೇ ಇತ್ತು.

"ಸರಿ ಹಾಗಾದ್ರೆ. ಇದರ ಆರೇಳು ಪಟ್ಟು ಕರೆಂಟು ಎಳೆಯೋದು ಈ ರೂಮಲ್ಲಿ ಇನ್ನೇನಿದೆ?"

ಸಿಂಧೂರ ಮೀಟರಿನ ತಂತಿ ಸುತ್ತತೊಡಗಿದಳು. ಆದರೆ ವಾರದಿಂದ ನೋಡಿ ನೋಡಿ ಅಭ್ಯಾಸವಾಗಿದ್ದ ಅವಳ ಕಣ್ಣು ಒಂದೇ ಒಂದು ಗಳಿಗೆ ಬಕೆಟಿನತ್ತ ಹೋಯಿತು. ವಾರ್ಡನ್ನಿಗೆ ಅಷ್ಟು ಸಾಕಾಯಿತು.

ರಾಡ್ ಜಪ್ತಿಯಾಯಿತು. ಅಮೂಲ್ಯಾ ಅತ್ತು ಕರೆದು ತಪ್ಪೊಪ್ಪಿಕೊಂಡದ್ದಕ್ಕೆ ಕೆಳಗಿನ ಮಹಡಿಗೆ ಹೋಗಿರು ಎಂದು ಬಿಟ್ಟರು. ಕೆಟಲ್ ಸಿಂಧೂರಳಿಗೇ ವಾಪಸು ಬಂತು. "ಬುದ್ಧಿವಂತೆ!" ಎಂದು ಬೆನ್ನು ಬೇರೆ ತಟ್ಟಿದರು.

ರಾತ್ರಿ ಊಟದ ಸಾಲಿನಲ್ಲಿ ಸಿಂಧೂರ ಬೇಕೆಂದೇ ಅಮೂಲ್ಯಾಳ ಮುಂದೆ ನಿಂತಳು. ಏನಾದರೂ ಬೈಯಲಿ, ಬೈದರೂ ಸಾಕು ಎಂದು ಕಾದಳು.

"ಕೊಂಚಂ ಜರಗಂಡಿ," ಎಂದಳು ಅಮೂಲ್ಯಾ. ಬಸ್ಸಿನಲ್ಲಿ ಗುರುತಿಲ್ಲದವರಿಗೆ ಸ್ವಲ್ಪ ಸರಿಯಿರಿ ಎನ್ನುವಂತೆ, ತೆಲುಗಿನಲ್ಲಿ.

ಸಿಂಧೂರ ಸರಿದು ನಿಂತಳು.